ದಶಮ ನ್ಯಾಯವೂ ಕನ್ನಡ ನಾಡಿನ ಆತ್ಮಪ್ರಜ್ಞೆಯೂ

ವೇದಾಂತ ಗ್ರಂಥಗಳಲ್ಲಿ ದಶಮ ನ್ಯಾಯವೆಂಬ ದೃಷ್ಟಾಂತವೊಂದು ಪ್ರಸಿದ್ಧವಾಗಿದೆ. ಹತ್ತು ಮಂದಿ ದಾರಿಹೋಕರು ಜೊತೆಗೂಡಿ ಹೊರಟು ತುಂಬಿದ ಹೊಳೆಯೊಂದನ್ನು ದಾಟಿದರು. ದಡ ಸೇರಿದ ಮೇಲೆ ಎಲ್ಲರೂ ಬಂದರೋ ಇಲ್ಲವೋ ಎಂಬ ಶಂಕೆ ಹುಟ್ಟಿ ಒಬ್ಬನು ಎಣಿಸಿದನು. ಒಂಬತ್ತೇ ಮಂದಿ ಕಂಡರು. ಮತ್ತೊಬ್ಬನು ಎಣಿಸಿದನು, ಆಗಲೂ ಒಂಬತ್ತೇ. ಎಣಿಸುವವನು ಉಳಿದವರನ್ನೆಲ್ಲ ಎಣಿಸಿ ತನ್ನನ್ನು ಬಿಡುತ್ತಿದ್ದುದೇ ಇದಕ್ಕೆ ಕಾರಣ. ಹತ್ತನೆಯವನು ಹೊಳೆಯ ಪಾಲಾದನೆಂದು ಹತ್ತು ಮಂದಿಯೂ ಗೋಳಿಡುತ್ತಿರುವಾಗ ಆ ಮಾರ್ಗವಾಗಿ ಬಂದ ಆಪ್ತನೊಬ್ಬನು ಹತ್ತನೆಯವನು ಸತ್ತಿಲ್ಲವೆಂದು ಮೊದಲು ಸಮಾಧಾನ ಹೇಳಿ, ಬಳಿಕ ಎಣಿಸಿ ತೋರಿಸಿ, ಎಣಿಸುತ್ತಿದ್ದ ನೀನೇ ಆ ಹತ್ತನೆಯವನೆಂದು ಬೋಧಿಸಿದನು.

ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಪಂಚದಶಿಯ ಏಳನೆಯ ಪ್ರಕರಣವಾದ ತೃಪ್ತಿದೀಪದಲ್ಲಿ ಈ ಕಥೆಯು ಏಳು ಅವಸ್ಥೆಗಳಾಗಿ ವಿಂಗಡಿಸಲ್ಪಟ್ಟಿದೆ. ಹತ್ತನೆಯವನನ್ನು ಅರಿಯದಿರುವುದು ಅಜ್ಞಾನ, ಅವನಿಲ್ಲ, ಕಾಣುವುದಿಲ್ಲ ಎಂಬುದು ಆವರಣ, ಅವನು ಮುಳುಗಿದನೆಂದು ಅಳುವುದು ವಿಕ್ಷೇಪ, ಇದ್ದಾನೆಂದು ಆಪ್ತವಾಕ್ಯದಿಂದ ತಿಳಿಯುವುದು ಪರೋಕ್ಷಜ್ಞಾನ, ತಾನೇ ಅವನೆಂದು ಕಾಣುವುದು ಅಪರೋಕ್ಷಜ್ಞಾನ, ಅಳು ನಿಲ್ಲುವುದು ಶೋಕನಿವೃತ್ತಿ, ಕಡೆಯದು ತೃಪ್ತಿ. ಈ ವಿಭಾಗವು ಜೀವನೊಬ್ಬನ ಆತ್ಮಜ್ಞಾನವನ್ನು ಕುರಿತದ್ದೆಂಬುದು ಸರ್ವವಿದಿತ. ಆದರೆ ಕಥೆಯಲ್ಲಿರುವವನು ಒಬ್ಬನಲ್ಲ, ಹತ್ತು ಮಂದಿ. ಮರೆವು ಹತ್ತು ಮಂದಿಗೂ ಏಕಕಾಲದಲ್ಲಿ ಬಂದದ್ದು. ಆದಕಾರಣ ಒಂದು ಜನಾಂಗವು ತನ್ನನ್ನು ತಾನು ಮರೆಯುವುದೆಂದರೇನು, ತನ್ನನ್ನು ತಾನು ಅರಿಯುವುದೆಂದರೇನು ಎಂಬ ವಿಚಾರಕ್ಕೂ ಈ ನ್ಯಾಯವನ್ನು ಹಚ್ಚಿ ನೋಡುವುದು ಅಸಂಗತವಾಗಲಾರದು. ದೃಷ್ಟಾಂತವು ಸರ್ವಾಂಶಗಳಲ್ಲಿಯೂ ಹೊಂದಬೇಕೆಂಬ ನಿಯಮವಿಲ್ಲ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿಯೂ ಕಲಿಯತಕ್ಕ ಅಂಶವೊಂದುಂಟು.

ಮೊದಲು ಒಂದು ಪೂರ್ವಪಕ್ಷ. ಮನಸ್ಸೆಂಬುದು ವ್ಯಕ್ತಿಗೆ ಉಂಟು, ಸಮಾಜಕ್ಕೆ ಮನಸ್ಸೆಲ್ಲಿಯದು? ಸಾವಿರ ತಲೆಗಳನ್ನು ಬಿಟ್ಟು ಸಾವಿರದೊಂದನೆಯ ತಲೆಯೊಂದು ಎಲ್ಲಿದೆ? ಫ್ರಾನ್ಸ್ ದೇಶದ ಸಮಾಜಶಾಸ್ತ್ರಜ್ಞನಾದ ಎಮಿಲ್ ದರ್ಖೇಂ 1893ರಲ್ಲಿ ಪ್ರಕಟಿಸಿದ ಶ್ರಮವಿಭಾಗವನ್ನು ಕುರಿತ ಗ್ರಂಥದಲ್ಲಿ, ಸಮಾಜದ ಸಾಮಾನ್ಯ ಸದಸ್ಯರೆಲ್ಲರಿಗೂ ಸಮಾನವಾದ ನಂಬಿಕೆಗಳ ಮತ್ತು ಭಾವನೆಗಳ ಸಮೂಹವನ್ನು ಸಾಮೂಹಿಕ ಪ್ರಜ್ಞೆಯೆಂದು ಕರೆದನು. ವ್ಯಕ್ತಿಗಳು ಅಳಿದರೂ ಅದು ಉಳಿದು ತಲೆಮಾರುಗಳನ್ನು ಒಂದಕ್ಕೊಂದು ಕಟ್ಟುವುದೆಂಬುದು ಅವನ ಮತ. ಈ ದೇಶದ ವೇದಾಂತಿಗಳು ವ್ಯಷ್ಟಿ ಸಮಷ್ಟಿಗಳೆಂಬ ಮಾತುಗಳಿಂದ ಇದಕ್ಕೆ ಸಮೀಪವಾದ ವಿಚಾರವನ್ನು ಬಹುಕಾಲದ ಹಿಂದೆಯೇ ಮಾಡಿದ್ದರು. ಸದಾನಂದನ ವೇದಾಂತಸಾರದಲ್ಲಿ ಬರುವ ವನ ಮತ್ತು ವೃಕ್ಷಗಳ ಉಪಮಾನವನ್ನು ಪಾಠಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ಮರಗಳನ್ನು ಬಿಟ್ಟು ಕಾಡೆಂಬ ಬೇರೆ ವಸ್ತುವಿಲ್ಲ. ಆದರೂ ಕಾಡೆಂಬ ಮಾತು ವ್ಯರ್ಥವಲ್ಲ. ಕಾಡಿಗೆ ತನ್ನದಾದ ನೆರಳುಂಟು, ತನ್ನದಾದ ತಂಪುಂಟು. ಒಂಟಿ ಮರಕ್ಕೆ ಅವು ಇಲ್ಲ. ಹಾಗೆಯೇ ಜನಾಂಗದ ಅರಿವು ವ್ಯಕ್ತಿಗಳ ತಲೆಯಲ್ಲಿಯೇ ಇರತಕ್ಕದ್ದು. ಆದರೆ ಅದು ಒಬ್ಬರಿಂದೊಬ್ಬರಿಗೆ ದಾಟುವುದಕ್ಕೂ ನಿಲ್ಲುವುದಕ್ಕೂ ಭಾಷೆ, ಶಾಸನ, ಗ್ರಂಥ, ಹಾಡು, ಶಾಲೆ, ಸಭೆ ಮೊದಲಾದ ಆಧಾರಗಳು ಬೇಕು. ಈ ಆಧಾರಗಳು ಸಡಿಲವಾದಾಗ ಮರೆವೂ ಬಿಗಿಯಾದಾಗ ಅರಿವೂ ಉಂಟಾಗುವುವು. ಕನ್ನಡ ನಾಡಿನ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಹತ್ತು ಮಂದಿಯೂ ಹೊಳೆ ದಾಟುವ ಮೊದಲು ತಾವು ಹತ್ತೆಂಬುದನ್ನು ಬಲ್ಲವರಾಗಿದ್ದರೆಂಬುದನ್ನು ಇಲ್ಲಿ ಮರೆಯಲಾಗದು. ಕನ್ನಡಿಗರ ವಿಷಯದಲ್ಲಿಯೂ ಹೀಗೆಯೇ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು 814ರಿಂದ 878ರ ವರೆಗೆ ಮಾನ್ಯಖೇಟದಲ್ಲಿ ಆಳಿದನು. ಅವನ ಆಸ್ಥಾನದಲ್ಲಿ, ಸುಮಾರು 850ರಲ್ಲಿ, ಶ್ರೀವಿಜಯನಿಂದ ರಚಿತವಾದುದೆಂದು ಇಂದಿನ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಕವಿರಾಜಮಾರ್ಗವು ಅಲಂಕಾರಶಾಸ್ತ್ರದ ಗ್ರಂಥ. ಕಾವ್ಯದ ಗುಣದೋಷಗಳನ್ನು ಹೇಳಹೊರಟ ಆ ಲಕ್ಷಣಕಾರನು ನಡುವೆ ನಿಂತು ಕಾವೇರಿಯಿಂದ ಗೋದಾವರಿಯ ವರೆಗೆ ಹಬ್ಬಿದ ನಾಡೊಂದನ್ನು ಗುರುತಿಸುತ್ತಾನೆ. ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ಸೀಮೆಯನ್ನು ಕನ್ನಡದ ತಿರುಳೆಂದು ಎಣಿಸುತ್ತಾನೆ. ಅರಸನ ಗೆಲುವಿನಿಂದ ಅಳೆಯಲ್ಪಟ್ಟ ಗಡಿಯಲ್ಲ ಅದು, ನುಡಿಯಿಂದ ಅಳೆಯಲ್ಪಟ್ಟದ್ದು. ಓದು ಬರೆಹಗಳ ಸಂಸ್ಕಾರವಿಲ್ಲದ ಸಾಮಾನ್ಯ ಜನರೂ ಮಾತಿನ ಮರ್ಮವನ್ನರಿತವರೆಂದು ಆತನು ಹೊಗಳಿರುವುದು ಇನ್ನೂ ಗಮನಾರ್ಹ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸಬಲ್ಲ ಗುಣವನ್ನು ಅದೇ ಗ್ರಂಥವು ನಿಜವಾದ ಸಂಪತ್ತೆಂದು ಹೇಳಿದೆ.

ನಾಡಿನ ಹೆಸರು ಪರರ ಬಾಯಲ್ಲಿಯೂ ಇದ್ದಿತು. 8ನೆಯ ಶತಮಾನದ ದಂತಿದುರ್ಗನ ಸಾಮನಗಡದ ತಾಮ್ರಶಾಸನವು ತಾನು ಸೋಲಿಸಿದ ಚಾಲುಕ್ಯರ ಸೇನೆಯನ್ನು ಕರ್ಣಾಟಕ ಬಲವೆಂದು ಹೆಸರಿಸಿ ಅದರ ಹಿಂದಿನ ಗೆಲುವುಗಳನ್ನೂ ನೆನೆಯುತ್ತದೆ. ಗೆದ್ದವನೇ ಸೋತವನ ಕೀರ್ತಿಯನ್ನು ಬರೆದಿಟ್ಟನು. ಹಾಗೆಂದು ಅಂದಿನ ಒಕ್ಕಲಿಗನೂ ಕಮ್ಮಾರನೂ ತನ್ನನ್ನು ಕನ್ನಡಿಗನೆಂದೇ ಪರಿಚಯಿಸಿಕೊಳ್ಳುತ್ತಿದ್ದನೆಂದು ಊಹಿಸುವುದು ಸಾಧುವಲ್ಲ. ಊರು, ಕುಲ, ದೈವ, ಒಡೆಯ, ಇವೇ ಅವನ ಗುರುತುಗಳಾಗಿದ್ದಿರಬೇಕು. ನಾಡೆಂಬ ಅರಿವು ಪಂಡಿತರಲ್ಲಿ ಸ್ಪಷ್ಟವಾಗಿಯೂ ಪಾಮರರಲ್ಲಿ ನುಡಿಯ ರೂಪದಿಂದ ಅವ್ಯಕ್ತವಾಗಿಯೂ ಇದ್ದಿತೆಂದಷ್ಟೇ ಹೇಳತಕ್ಕದ್ದು.

ಇನ್ನು ಹೊಳೆಯ ವಿಚಾರ. 1565ರ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರದ ಬಲವು ಮುರಿಯಿತು. ಬಳಿಕ ಉತ್ತರ ಭಾಗವು ವಿಜಾಪುರ, ಬೀದರ, ಮೊಗಲ, ಮರಾಠ, ನಿಜಾಮರ ಕೈಗಳಲ್ಲಿ ಹೊರಳಿತು; ದಕ್ಷಿಣದಲ್ಲಿ ಮೈಸೂರೂ ಕೆಳದಿಯೂ ಬೆಳೆದುವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಹಂಚಿಕೆಯು ಪೂರ್ಣವಾಯಿತು. ಕರಾವಳಿಯು ಕಂಪನಿಯ ವಶವಾಗಿ ಮದರಾಸಿಗೆ ಸೇರಿತು. 1800ರಲ್ಲಿ ಬಳ್ಳಾರಿಯೂ ಅದೇ ದಾರಿ ಹಿಡಿಯಿತು. 1818ರಲ್ಲಿ ಪೇಶ್ವೆಯ ಪತನವಾಗಲು ಧಾರವಾಡ, ಬೆಳಗಾವಿಗಳ ಕಡೆಯ ಸೀಮೆಯು ಮುಂಬಯಿ ಆಧಿಪತ್ಯಕ್ಕೆ ಹೋಯಿತು. ಕೊಡಗು 1834ರಲ್ಲಿ ಬ್ರಿಟಿಷರ ಅಧೀನವಾಯಿತು. 1862ರಲ್ಲಿ ಕೆನರಾ ಜಿಲ್ಲೆಯೂ ಎರಡಾಗಿ ಉತ್ತರ ಭಾಗವು ಮದರಾಸಿನಿಂದ ಮುಂಬಯಿಗೆ ವರ್ಗವಾಯಿತು. ರಾಯಚೂರು, ಕಲಬುರ್ಗಿ, ಬೀದರಗಳು ನಿಜಾಮನಲ್ಲಿ ಉಳಿದುವು. ಸೊಂಡೂರು, ಸವಣೂರು, ಜಮಖಂಡಿ, ಮುಧೋಳ, ರಾಮದುರ್ಗಗಳಂಥ ಸಣ್ಣ ಸಂಸ್ಥಾನಗಳು ಬೇರೆ. ಒಂದೇ ನುಡಿಯ ಜನರು ಒಂದೆಡೆ ತಮಿಳು ತೆಲುಗುಗಳ ನಡುವೆ, ಒಂದೆಡೆ ಮರಾಠಿ ಗುಜರಾತಿಗಳ ನಡುವೆ, ಒಂದೆಡೆ ಉರ್ದುವಿನ ಕಚೇರಿಯ ಮುಂದೆ ಅಲ್ಪಸಂಖ್ಯಾತರಾಗಿ ನಿಂತರು.

ಇಲ್ಲಿಂದ ಅಜ್ಞಾನವೂ ಆವರಣವೂ ಆರಂಭವಾಗುವುವು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಧಾರವಾಡದ ಸೀಮೆಯಲ್ಲಿ ಕಚೇರಿಯ ಬರೆಹವೂ ಶಾಲೆಯ ಪಾಠವೂ ಬಹುಮಟ್ಟಿಗೆ ಮರಾಠಿಯಲ್ಲಿ ನಡೆಯುತ್ತಿದ್ದುವು. ಮನೆಯಲ್ಲಿ ಕನ್ನಡವಾಡುವ ಮಗುವು ಶಾಲೆಯಲ್ಲಿ ಪರಭಾಷೆಯಿಂದ ಅಕ್ಷರ ಕಲಿಯುತ್ತಿದ್ದಿತು. ಇದನ್ನು ನೆರೆಯವರ ದುರುದ್ದೇಶವೆಂದೇ ಹೇಳಬೇಕಾಗಿಲ್ಲ. ಪೇಶ್ವೆಯ ಕಾಲದ ರೂಢಿಯನ್ನು ಹೊಸ ಸರಕಾರವು ಮುಂದುವರಿಸಿತು, ಅಷ್ಟೆ. ವಿದ್ಯಾವಂತನಾದ ಕನ್ನಡಿಗನೇ ತನ್ನ ನುಡಿಯಲ್ಲಿ ಹೇಳಿಕೊಳ್ಳತಕ್ಕ ಸಾಹಿತ್ಯವಾವುದೂ ಇಲ್ಲವೆಂದು ನಂಬಿದುದೇ ನಿಜವಾದ ಆವರಣ. ಹಳ್ಳಿಯ ಗುಡಿಯಲ್ಲಿ ಕುಮಾರವ್ಯಾಸನ ಭಾರತವು ಓದಲ್ಪಡುತ್ತಲೇ ಇದ್ದಿತು. ಬೀಸುವ ಕಲ್ಲಿನ ಮುಂದೆ ಹೆಂಗಸರ ಹಾಡು ನಿಂತಿರಲಿಲ್ಲ. ಬಯಲಾಟದ ಭಾಗವತನು ದನಿಯೆತ್ತಿ ಹಾಡುತ್ತಲೇ ಇದ್ದನು. ಹತ್ತನೆಯವನು ಮುಳುಗಿರಲಿಲ್ಲ, ಎಣಿಸುವವನ ಕಣ್ಣಿಗೆ ಬಿದ್ದಿರಲಿಲ್ಲ. ಈ ಕಾಲದಲ್ಲಿ ಧಾರವಾಡದ ವಿದ್ಯಾ ಇಲಾಖೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮವು ಚಿರಸ್ಮರಣೀಯವಾದುದು. 1881ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಆ ಪ್ರಾಂತದ ಮಕ್ಕಳು ಕನ್ನಡದಲ್ಲಿ ಓದುವುದು ವಿಶೇಷವಾಗಿ ತೋರದಂಥ ಸಂಗತಿಯಾಗಿದ್ದಿತು.

ದಡದ ಮೇಲೆ ಬಂದ ಆಪ್ತರು ಯಾರು? ಅವರಲ್ಲಿ ಅನೇಕರು ಪರದೇಶೀಯರೆಂಬುದು ಆಶ್ಚರ್ಯಕರವಾದರೂ ನ್ಯಾಯಕ್ಕೆ ಅನುಗುಣವಾಗಿಯೇ ಇದೆ. ಹತ್ತರಲ್ಲಿ ಸೇರದವನಿಗೇ ಹತ್ತೂ ಕಾಣುವುವು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗನು 1843ರಲ್ಲಿ ಮಂಗಳೂರ ಸಮಾಚಾರವೆಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿ, ಬಳಿಕ ಹಳೆಯ ಕಾವ್ಯಗಳನ್ನು ಅಚ್ಚುಹಾಕಿಸಿದನು. ಫ್ಲೀಟನು 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆದನು. ಬಿ. ಎಲ್. ರೈಸನು 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಬೆಳಕಿಗೆ ತಂದನು. ಕಿಟ್ಟೆಲನ ನಿಘಂಟು 1894ರಲ್ಲಿ ಪ್ರಕಟವಾಯಿತು. ಈ ದೇಶದವರೇ ಆದ ಕೆ. ಬಿ. ಪಾಠಕರು 1898ರಲ್ಲಿ ಕವಿರಾಜಮಾರ್ಗವನ್ನು ಮೊದಲ ಬಾರಿಗೆ ಮುದ್ರಿಸಿದರು, ಆರ್. ನರಸಿಂಹಾಚಾರ್ಯರ ಕರ್ನಾಟಕ ಕವಿಚರಿತೆಯ ಮೊದಲ ಸಂಪುಟವು 1907ರಲ್ಲಿ ಹೊರಬಿದ್ದಿತು. ಕಾವೇರಿ ಗೋದಾವರಿಗಳ ನಡುವಣ ನಾಡನ್ನು ಹೇಳುವ ಗ್ರಂಥವು ಸಾಮಾನ್ಯ ಓದುಗನ ಕೈಗೆ ದೊರೆತುದು ಅದು ಹುಟ್ಟಿದ ಸಾವಿರ ವರ್ಷಗಳಿಗೂ ಮೇಲೆ! ಇವರೊಡನೆ ಸರಕಾರದ ಜನಗಣತಿಯನ್ನೂ ಸೇರಿಸಬೇಕು. 1881ರಿಂದ ಹತ್ತು ವರ್ಷಗಳಿಗೊಮ್ಮೆ ಮಾತೃಭಾಷೆಯಾವುದೆಂದು ಮನೆಮನೆಯಲ್ಲಿ ಕೇಳಿ ಬರೆಯತೊಡಗಿದರು. ಅಕ್ಷರಶಃ ಎಣಿಕೆಯೇ ನಡೆದು, ಬೇರೆ ಬೇರೆ ಆಡಳಿತಗಳಲ್ಲಿದ್ದ ಕನ್ನಡಿಗರ ಸಂಖ್ಯೆಗಳನ್ನು ಒಂದು ಹಾಳೆಯ ಮೇಲೆ ಕೂಡಿಸುವುದು ಸಾಧ್ಯವಾಯಿತು. ಪಾದ್ರಿಗೆ ಮತಪ್ರಚಾರವೂ ಅಧಿಕಾರಿಗೆ ರಾಜ್ಯಭಾರವೂ ಮುಖ್ಯ ಪ್ರಯೋಜನಗಳಾಗಿದ್ದುವು. ಆದರೂ ಅವರ ವಾಕ್ಯವು ಪ್ರಮಾಣವಾಗಿದ್ದಿತು. ಹತ್ತನೆಯವನು ಇದ್ದಾನೆಂಬುದು ಪರೋಕ್ಷವಾಗಿ ತಿಳಿಯಿತು.

ಪರೋಕ್ಷವು ಅಪರೋಕ್ಷವಾಗುವುದು ಬೇರೆಯ ಮಾತು. ಶಾಸನದಲ್ಲಿ ಒಂದು ನಾಡಿದ್ದಿತೆಂದು ಓದುವುದಕ್ಕೂ ಆ ನಾಡು ತಾನೇ ಎಂದು ಎದೆಯಲ್ಲಿ ಕಾಣುವುದಕ್ಕೂ ಬಹಳ ಅಂತರವುಂಟು. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಿಂದ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. 1896ರಲ್ಲಿ ಅದರ ವಾಗ್ಭೂಷಣ ಪತ್ರಿಕೆಯು ಆರಂಭವಾಯಿತು. 1911ರಲ್ಲಿ ಅದೇ ಸಂಘದಲ್ಲಿ ಮೈಸೂರಿನ ಬಿ. ಎಂ. ಶ್ರೀಕಂಠಯ್ಯನವರು ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದರು. ಮೈಸೂರಿನವನೊಬ್ಬನು ಧಾರವಾಡಕ್ಕೆ ಬಂದು ಒಂದೇ ಮನೆಯ ಮಾತೆಂಬಂತೆ ಆಡುವುದು ಅಂದಿಗೆ ಹೊಸದು. 1915ರಲ್ಲಿ ಬೆಂಗಳೂರಿನಲ್ಲಿ ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. ಅದೇ ದಶಕದಲ್ಲಿ ನಂಜನಗೂಡಿನ ತಿರುಮಲಾಂಬೆಯವರು ಸತೀಹಿತೈಷಿಣಿ ಗ್ರಂಥಮಾಲೆಯಿಂದ ಹೆಂಗಸರ ಕೈಗೆ ಪುಸ್ತಕವನ್ನಿತ್ತರು; ಎಣಿಸುವವರ ಸಾಲಿನಲ್ಲಿ ಸ್ತ್ರೀಯೂ ನಿಂತಳು. 1917ರಲ್ಲಿ ಆಲೂರು ವೆಂಕಟರಾಯರ ಕರ್ನಾಟಕ ಗತವೈಭವವು ಪ್ರಕಟವಾಯಿತು. ಪುಣೆಯಲ್ಲಿ ಓದುತ್ತಿದ್ದಾಗ ಮರಾಠಿಗರ ಸ್ವಾಭಿಮಾನವನ್ನು ಕಣ್ಣಾರೆ ಕಂಡ ಆ ಮಹನೀಯರು, ಫ್ಲೀಟ್ ರೈಸರ ಒಣ ವಂಶಾವಳಿಗಳಲ್ಲಿ ಹುದುಗಿದ್ದುದನ್ನು ತಿಳಿಗನ್ನಡದಲ್ಲಿ ಉಸಿರು ತುಂಬಿ ಹೇಳಿದರು. ಇದ್ದಾನೆಂಬ ವಾಕ್ಯವು ನೀನೇ ಎಂಬ ವಾಕ್ಯವಾಯಿತು. 1920ರ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಯ ಆಧಾರದಿಂದ ಪ್ರಾಂತಗಳನ್ನು ಒಪ್ಪಿತು. 1924ರಲ್ಲಿ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಅಧಿವೇಶನವು ನಡೆದಾಗ ಹುಯಿಲಗೋಳ ನಾರಾಯಣರಾಯರ ನಾಡಗೀತವು ಹಾಡಲ್ಪಟ್ಟಿತು. ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಏಕೀಕರಣ ಪರಿಷತ್ತೂ ಅಲ್ಲಿಯೇ ಸೇರಿತು.

ಗತವೈಭವದ ಸ್ಮರಣೆಯು ಔಷಧವೆಂಬುದು ನಿಜ. ಮಿತಿಮೀರಿದರೆ ಔಷಧವೂ ಮದವನ್ನುಂಟುಮಾಡುವುದು. ವಿಜಯನಗರವನ್ನು ಕನ್ನಡಿಗರು ತಮ್ಮದೆನ್ನುವಂತೆಯೇ ತೆಲುಗರೂ ತಮ್ಮದೆನ್ನುವರು. ಆ ಅರಸರ ಶಾಸನಗಳು ಕನ್ನಡ, ತೆಲುಗು, ತಮಿಳು, ಸಂಸ್ಕೃತಗಳಲ್ಲಿವೆ. ಕೃಷ್ಣದೇವರಾಯನು ತನ್ನ ಆಮುಕ್ತಮಾಲ್ಯದವನ್ನು ಬರೆದುದು ತೆಲುಗಿನಲ್ಲಿ. ಹೀಗಿರುವಲ್ಲಿ ಒಬ್ಬರೇ ಪಾಲುಗಾರರೆಂಬ ಹಟವು ಚರಿತ್ರೆಗೆ ಸಮ್ಮತವಲ್ಲ. ಅಲ್ಲದೆ ರಾಜರ ಗೆಲುವುಗಳಷ್ಟೇ ಜನಾಂಗದ ಸ್ಮೃತಿಯಲ್ಲ. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಊರೂರು ಅಲೆದು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದಾಗ ಬೇರೊಂದು ನೆನಪು ಎಚ್ಚತ್ತಿತು. 12ನೆಯ ಶತಮಾನದ ಶರಣರಲ್ಲಿ ಅಂಬಿಗನೂ ಮಾದಾರನೂ ಮಡಿವಾಳನೂ ಇದ್ದರು, ಕಾಯಕದ ಹೆಣ್ಣುಮಕ್ಕಳಿದ್ದರು, ಅವರು ಜನಾಂಗವನ್ನು ಹೊಗಳಲಿಲ್ಲ, ಪರೀಕ್ಷಿಸಿದರು. ತನ್ನ ಹಿರಿಮೆಯನ್ನು ಅರಿಯುವುದು ಅರ್ಧ ಅರಿವು. ತನ್ನ ದೋಷವನ್ನೂ ಅರಿತಾಗಲೇ ಅದು ಆತ್ಮಪ್ರಜ್ಞೆಯೆನಿಸಿಕೊಳ್ಳುವುದು.

ಅರಿವಾದೊಡನೆ ಕೂಡುವಿಕೆಯು ಸುಲಭವಾಗಲಿಲ್ಲ. ಶಿವನಸಮುದ್ರದ ವಿದ್ಯುತ್ತು, ಕೃಷ್ಣರಾಜಸಾಗರ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, 1916ರ ವಿಶ್ವವಿದ್ಯಾನಿಲಯ ಇವುಗಳಿಂದ ಮುಂದುವರಿದಿದ್ದ ಮೈಸೂರಿನಲ್ಲಿ, ಬಡ ಸೀಮೆಗಳ ಹೊರೆಯನ್ನು ಹೊರಬೇಕಾದೀತೆಂಬ ಅಳುಕೂ, ರಾಜಕೀಯ ಪ್ರಾಬಲ್ಯವು ಕೈಜಾರೀತೆಂಬ ಅಳುಕೂ ಇದ್ದುವು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಹೂಡಿದರು. ಹುಬ್ಬಳ್ಳಿಯಲ್ಲಿ ಜನರು ರೊಚ್ಚಿಗೆದ್ದರು. ಆ ವರ್ಷದ ಕೊನೆಗೆ ನೇಮಕವಾದ ಫಜಲ್ ಅಲಿ ಆಯೋಗವು 1955ರಲ್ಲಿ ವರದಿಯನ್ನೊಪ್ಪಿಸಿತು. ಮೈಸೂರಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮವರಲ್ಲಿಯೇ ಅನೇಕರ ವಿರೋಧವನ್ನೆದುರಿಸಿ ಏಕೀಕರಣದ ಪಕ್ಷ ವಹಿಸಿದರು. 1956ರ ನವೆಂಬರ್ 1ರಂದು ಒಂದು ರಾಜ್ಯವಾಯಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಸೊಲ್ಲಾಪುರದ ಕಡೆಯ ಕನ್ನಡಿಗರು ಹೊರಗುಳಿದರು. ಹೆಸರು ಮಾತ್ರ ಇನ್ನೂ ಮೈಸೂರು ಎಂದೇ ಉಳಿದು, 1973ರ ನವೆಂಬರ್ 1ರಂದು ಕರ್ನಾಟಕವಾಯಿತು. ಅದನ್ನು ಕಾಣಲು ಆಲೂರರೂ ಇರಲಿಲ್ಲ, ಹಳಕಟ್ಟಿಯವರೂ ಇರಲಿಲ್ಲ. ಇಬ್ಬರೂ 1964ರಲ್ಲಿ ಗತಿಸಿದ್ದರು.

ಕಥೆಯು ಇಲ್ಲಿಗೆ ಮುಗಿಯಿತೆಂದರೆ ಶೋಕನಿವೃತ್ತಿಯಾಯಿತು, ತೃಪ್ತಿಯಾಯಿತು ಎನ್ನಬೇಕು. ಆದರೆ ನಾಡಿಗೆ ಹೆಸರು ದೊರೆತ ಆ ತಿಂಗಳಲ್ಲಿಯೇ ಮತ್ತೊಂದು ಸಂಗತಿ ನಡೆಯಿತು. ದಲಿತ ಸಮುದಾಯದಿಂದ ಬಂದ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂಬರ್ಥದ ಮಾತನ್ನಾಡಿದರು. ಅಭಿಮಾನಿಗಳು ಕೆರಳಿದರು, ಗಲಭೆಗಳಾದುವು, ಅವರು ಪದವಿಯನ್ನು ಬಿಡಬೇಕಾಯಿತು. ಮಾತು ಕಟುವಾಗಿದ್ದಿತು, ನಿಜ. ಆದರೆ ಅದರ ಹಿಂದಿನ ಪ್ರಶ್ನೆಯು ದಶಮ ನ್ಯಾಯದ ಪ್ರಶ್ನೆಯೇ ಆಗಿದ್ದಿತು: ಈ ಎಣಿಕೆಯಲ್ಲಿ ಊರ ಹೊರಗಣ ಕೇರಿಯವನು ಎಷ್ಟನೆಯವನು? ಆ ಪ್ರಶ್ನೆಯಿಂದಲೇ ದಲಿತ ಚಳವಳಿಯೂ 1979ರ ಬಂಡಾಯ ಸಾಹಿತ್ಯ ಸಂಘಟನೆಯೂ ಬಲಗೊಂಡುವು. ಅದುವರೆಗೆ ಗ್ರಂಥದಲ್ಲಿ ಕೇಳಿಸದಿದ್ದ ಕನ್ನಡವೊಂದು ಗ್ರಂಥಸ್ಥವಾಯಿತು. ತನ್ನನ್ನು ನಿಂದಿಸಿದಂತೆ ತೋರಿದ ಮಾತಿನಿಂದಲೇ ಆ ಸಾಹಿತ್ಯವು ಸಮೃದ್ಧವಾಯಿತು.

ಎರಡನೆಯ ಸಂಗತಿಯು ಇನ್ನೂ ಮೌನವಾದುದು. ಪ್ರಾದೇಶಿಕ ಅಸಮತೆಯನ್ನು ಪರಿಶೀಲಿಸಿದ ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದುವೆಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರ್ಗಿ ವಿಭಾಗಕ್ಕೆ ಸೇರಿದವು. ಮಾನ್ಯಖೇಟವು, ಇಂದಿನ ಮಳಖೇಡವು, ಆ ಕಲಬುರ್ಗಿ ಜಿಲ್ಲೆಯಲ್ಲಿಯೇ ಇದೆ. ಕನ್ನಡ ನಾಡು ತನ್ನ ಎಲ್ಲೆಯನ್ನು ಎಲ್ಲಿ ಕುಳಿತು ಬರೆಯಿತೋ ಆ ಸೀಮೆಯ ಮಕ್ಕಳೇ ಶಾಲೆಗೂ ಆಸ್ಪತ್ರೆಗೂ ನೀರಿಗೂ ಕಡೆಯ ಸಾಲಿನಲ್ಲಿ ನಿಲ್ಲಬೇಕಾಯಿತು. ಸಂವಿಧಾನದ 371ನೆಯ ವಿಧಿಗೆ ತಿದ್ದುಪಡಿಯಾಗಿ ಆ ಭಾಗಕ್ಕೆ ವಿಶೇಷ ಸ್ಥಾನವು ದೊರೆತುದು 2012ರಲ್ಲಿ ಅಂಗೀಕೃತವಾದ ಮಸೂದೆಯಿಂದ. ಏಕೀಕರಣವಾಗಿ ಐವತ್ತಾರು ವರ್ಷಗಳ ಮೇಲೆ. 2019ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಾಯಿತು. ಹೆಸರಿಗೆ ತಕ್ಕಂತೆ ಕಲ್ಯಾಣವಾಗುವುದು ಎಣಿಸುವವರ ಕೈಯಲ್ಲಿದೆ.

ತುಳು, ಕೊಡವ, ಕೊಂಕಣಿ, ಉರ್ದು, ಲಂಬಾಣಿ ನುಡಿಗಳನ್ನಾಡುವವರೂ ಈ ನಾಡಿನ ಮಕ್ಕಳೇ. 1994ರಲ್ಲಿ ತುಳು, ಕೊಡವ, ಕೊಂಕಣಿಗಳಿಗೆ ಪ್ರತ್ಯೇಕ ಅಕಾಡೆಮಿಗಳಾದುದು ಯೋಗ್ಯವೇ ಆಯಿತು. ಒಂದು ಕಾಲದಲ್ಲಿ ಮರಾಠಿಯ ಶಾಲೆಯಲ್ಲಿ ಕುಳಿತ ಕನ್ನಡದ ಮಗುವಿನ ಸಂಕಟವನ್ನು ನೆನೆಯುವ ಜನಾಂಗವು, ಇಂದು ಕನ್ನಡದ ಶಾಲೆಯಲ್ಲಿ ಕುಳಿತ ತಾಂಡಾದ ಮಗುವಿನ ಸಂಕಟವನ್ನು ತಿಳಿಯಲಾರದೆ ಹೋದರೆ, ಅದರ ಸ್ಮರಣೆಯು ವ್ಯರ್ಥವಾದಂತೆಯೇ ಸರಿ.

ದೃಷ್ಟಾಂತವು ಹೊಂದದೆ ಹೋಗುವುದು ಇಲ್ಲಿಯೇ. ದಾರಿಹೋಕನು ತನ್ನನ್ನೊಬ್ಬನನ್ನು ಮರೆತು ಒಂಬತ್ತು ಮಂದಿಯನ್ನು ಎಣಿಸಿದನು. ಅವನಿಗೆ ಬೇಕಾದುದು ತನ್ನ ನೆನಪು ಮಾತ್ರ. ಎಚ್ಚತ್ತ ಜನಾಂಗವಾದರೋ ತನ್ನನ್ನು ತಾನೆಂದು ಎಣಿಸಿಕೊಳ್ಳುವ ಭರದಲ್ಲಿ ಉಳಿದ ಒಂಬತ್ತು ಮಂದಿಯನ್ನು ಮರೆಯುವುದುಂಟು. ಮುಂದೆ ನಿಂತ ಕೆಲವರು ತಾವೇ ಹತ್ತು ಎಂದು ತಿಳಿಯುವುದೂ ಉಂಟು. ಜೀವನ ಎಣಿಕೆಯು ಒಮ್ಮೆ ಸರಿಯಾದರೆ ಮತ್ತೆ ತಪ್ಪುವುದಿಲ್ಲ. ಆದುದರಿಂದ ಅವನಿಗೆ ತೃಪ್ತಿಯು ಫಲವಾಗಿ ಹೇಳಲ್ಪಟ್ಟಿದೆ. ಸಮಾಜದಲ್ಲಿ ತಲೆಮಾರು ತಲೆಮಾರಿಗೂ ಎಣಿಸುವವರು ಬದಲಾಗುವರು, ಹೊಳೆಯೂ ಬದಲಾಗುವುದು. ಆದಕಾರಣ ಜೀವನಿಗೆ ಏಳು ಅವಸ್ಥೆಗಳಾದರೆ ಸಮಾಜಕ್ಕೆ ಆರೇ ಎಂದು ಭಾವಿಸುವುದು ಲೇಸು. ಏಳನೆಯದನ್ನು ಬಿಟ್ಟು, ಪ್ರತಿಯೊಂದು ತಲೆಮಾರೂ ದಡದ ಮೇಲೆ ನಿಂತು, ಹಿಂದಿನವರ ಎಣಿಕೆಯನ್ನು ನಂಬಿ ಕೂರದೆ, ಕಡೆಯಲ್ಲಿ ನಿಂತವನಿಂದ ಮೊದಲುಮಾಡಿ ಇನ್ನೊಮ್ಮೆ ಎಣಿಸತಕ್ಕದ್ದು.